ಮಗಳ ಕಾಲಿಗೆ ಕಟ್ಟಿದ ಕರುವಿನ ಗಂಟೆ

ಆಸ್ಪತ್ರೆಯ ಆಡಳಿತಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ, ಕಾಯಿಲೆ ನನಗೆ, ಚೀಟಿ ನನ್ನ ಮಗಳ ಹೆಸರಿಗೆ. ನಿಮ್ಮ ಆಸ್ಪತ್ರೆಗೆ ಮೂರು ಸಲ ಬಂದೆ, ಮೂರು ಸಲವೂ ಪರೀಕ್ಷೆಯಾದದ್ದು ಅವಳಿಗೆ. ಅವಳು ಆರೋಗ್ಯವಾಗಿದ್ದಾಳೆಂದು ಬರೆದುಕೊಟ್ಟಿದ್ದೀರಿ. ಉಪಕಾರವಾಯಿತು. ಆದರೆ ನಾನು ಚೆನ್ನಾಗಿಲ್ಲ.

ನಾನು ಬಿಳಿಗೆರೆ ಕಡೆಯವಳು, ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವಳು. ಹೋದ ವರ್ಷ ನನ್ನ ಮಗಳು ಬಿಂದುಶ್ರೀಗೆ ಮಲಗಿದ್ದಾಗ ಜ್ವರ ಏರಿ ಫಿಟ್ಸ್ ಬಂತು. ಗುಣವಾಯಿತು, ಮತ್ತೆ ಬರಲಿಲ್ಲ. ನನಗೆ ಮಾತ್ರ ಅಂದಿನಿಂದ ದೀಪ ಆರಿಸಿದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ. ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ. ಬೆರಳು ತೆಗೆದ ಕೂಡಲೇ ಉಸಿರು ನಿಂತಿತೇನೋ ಎನ್ನಿಸುತ್ತದೆ, ಮತ್ತೆ ಇಡುತ್ತೇನೆ. ಯಜಮಾನರಿಗೆ ನಂಜನಗೂಡಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಅತ್ತೆ ಚನ್ನಾಜಮ್ಮನವರು ನನಗೆ ನಿವಾಳಿಸಿ ಮೆಣಸಿನಕಾಯಿ ಒಲೆಗೆ ಹಾಕಿದರು. ಮನೆಯೆಲ್ಲ ಘಾಟು. "ದಿಷ್ಟಿ ಆಗಿದ್ರೆ ಘಾಟೇ ಬತ್ತಿರ್ನಿಲ್ಲ ಕಣವ್ವ. ಇದು ಆಸ್ಪತ್ರೆ ಕಾಯ್ಲೆ, ಓಗು" ಎಂದು ಅವರೇ ನಿಮ್ಮಲ್ಲಿಗೆ ಕಳಿಸಿದರು. ಯಾವ ಕಾಯಿಲೆಗೆ ಎಲ್ಲಿಗೆ ಹೋಗಬೇಕೆಂಬುದು ಅವರ ಒಲೆಗೆ ತಿಳಿದಷ್ಟು ನಿಮ್ಮ ಕೌಂಟರಿಗೆ ತಿಳಿಯಬೇಡವೇ?

ಕೌಂಟರಿನವರು ಏನು ತೊಂದರೆ ಎಂದು ಕೂಗಿ ಕೇಳಿದರು. ಸಾಲಿನಲ್ಲಿ ನನ್ನ ಹಿಂದೆಯೇ ನಮ್ಮೂರ ಡೇರಿಯ ಕಾರ್ಯದರ್ಶಿ ನಿಂತಿದ್ದರು. ನಾನು ಮೆಲ್ಲಗೆ, "ಮಗೀಗೆ ಏನಾರ ಆಗ್ಬುಟ್ಟದು ಅಂತ ರಾತ್ರಿಯೆಲ್ಲ ಭಯ ಸಾ" ಎಂದೆ. "ಮಗೀಗೆ ತಾನೆ?" ಎಂದು ಮಕ್ಕಳ ವಿಭಾಗಕ್ಕೆ ಬರೆದರು. ಎರಡನೇ ಸಲವೂ ಅದೇ ಚೀಟಿ. ಮನಸ್ಸಿನ ಡಾಕ್ಟರು ಯಾವಾಗ ಸಿಗುತ್ತಾರೆಂದು ಕೇಳಿದ್ದಕ್ಕೆ, "ತಿಂಗ್ಳಿಗೊಂದು ಮಂಗಳವಾರ. ನಿಮಗ್ಯಾಕಮ್ಮ, ಚೆನ್ನಾಗೇ ಮಾತಾಡ್ತಿದ್ದೀರಲ್ಲ" ಎಂದರು. ಆ ಮಂಗಳವಾರವೇ ಬಂದೆ. ಡಾಕ್ಟರು ಮೀಟಿಂಗಿಗೆ ಹೋಗಿದ್ದರು, ನನ್ನನ್ನು ಮತ್ತೆ ಮಕ್ಕಳ ವಿಭಾಗಕ್ಕೆ ಅಟ್ಟಿದರು. ನನ್ನ ಹೆಸರಿಗೊಂದು ಚೀಟಿ ಬೇಕಾದರೆ ನಾನು ಬಟ್ಟೆ ಹರಿದುಕೊಂಡು ಬರಬೇಕಿತ್ತೇ?

ಕೊನೆಗೆ ಔಷಧಿ ನಾನೇ ಹುಡುಕಿಕೊಂಡೆ. ಕೊಟ್ಟಿಗೆಯಲ್ಲಿ ಕರು ಅಲುಗಿದರೆ ಕೊರಳ ಗಂಟೆಯಿಂದ ಮಲಗಿದ್ದಲ್ಲೇ ತಿಳಿಯುತ್ತದೆ. ಆ ಗಂಟೆ ಬಿಚ್ಚಿ ಮಗಳ ಕಾಲಿಗೆ ಕಟ್ಟಿದೆ. ಸದ್ದು ಕೇಳಿದರೆ ಮಗಳು ಇದ್ದಾಳೆ, ಅಷ್ಟೇ. ಎರಡು ವಾರ ನಿದ್ದೆ ಮಾಡಿದೆ. ಆಮೇಲೆ ಅಂಗನವಾಡಿಯ ರಾಮಮ್ಮ ಟೀಚರ್ ಕರೆದು, ಮಗು ಕೂತಲ್ಲೇ ತೂಕಡಿಸುತ್ತದೆ ಎಂದರು. ಅಂದು ರಾತ್ರಿ ನಿದ್ದೆ ಬಂದವಳಂತೆ ಮಲಗಿ ನೋಡಿದೆ. ಐದು ವರ್ಷದ ಕೂಸು ಕಣ್ಣು ಬಿಟ್ಟುಕೊಂಡು ಕಾಲು ಅಲ್ಲಾಡಿಸುತ್ತಿತ್ತು. ನಾನು ಎದ್ದು ಕೂತದ್ದು ಕಂಡು, "ನೀನು ಮನಿಕೊ ಅವ್ವ, ನಾನು ಅಲ್ಲಾಡುಸ್ತೀನಿ" ಎಂದಳು.

ಗಂಟೆಯನ್ನು ಮತ್ತೆ ಕರುವಿಗೇ ಕಟ್ಟಿದ್ದೇನೆ. ಈಗ ನಮ್ಮ ಕೋಣೆಯಲ್ಲಿ ಯಾವ ಸದ್ದೂ ಇಲ್ಲ, ನನಗೆ ತುಂಬಾ ಭಯವಾಗುತ್ತಿದೆ. ಮುಂದಿನ ತಿಂಗಳ ಆ ಮಂಗಳವಾರ ಬರುತ್ತೇನೆ. ಅಂದು ಡಾಕ್ಟರು ಕುರ್ಚಿಯಲ್ಲಿರಬೇಕು. ತೊಂದರೆ ಏನೆಂದು ಸಾಲಿನ ಮುಂದೆ ಕೂಗಿ ಕೇಳಬಾರದು. ಚೀಟಿಯ ಮೇಲೆ ನನ್ನ ಹೆಸರು ಬರೆಯಬೇಕು. ಮಗಳನ್ನು ಈ ಸಲ ಕರೆತರುವುದಿಲ್ಲ, ಅವಳು ನಿದ್ದೆ ಮಾಡಬೇಕು.

ಇಂತಿ,
ತಮ್ಮ ದಾಖಲೆಯ ಪ್ರಕಾರ ಐದು ವರ್ಷದವಳೂ ಆರೋಗ್ಯವಂತಳೂ ಆದ
ನಯನ