‘ಕೇಳಿದರೆ’ ಎಂದು ಬರೆದವರಿಗೆ

ಗದಗ, ಫೆಬ್ರವರಿ ೩೦, ೨೧೮೭

ನನಗಿಂತ ನೂರೈವತ್ತು ವರ್ಷ ಹಿಂದೆ, ಯಂತ್ರಗಳಿಗೆ ನಡತೆಯ ನಿಯಮ ಬರೆಯಲು ಕೂತಿರುವ ಹಿರಿಯರೇ,

ಹೌದು, ನಮ್ಮ ಫೆಬ್ರವರಿಗೆ ಮೂವತ್ತು ದಿನ. ಅದನ್ನು ವಿವರಿಸುವ ತಾಳ್ಮೆ ಇವತ್ತು ನನಗಿಲ್ಲ. ನನ್ನ ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಒಂದು ಪದವನ್ನು ಮಾತ್ರ ನಾನು ಕ್ಷಮಿಸಲಾರೆ.

ನಾನು ಶಾಂತವೀರಮ್ಮ, ‘ನಿಧಾನ ಕೂಟ’ದ ಬಾಗಿಲವ್ವ. ನೀವು ಅಡ್ಮಿನ್ ಎನ್ನುವವರಿಗೆ ನಮ್ಮಲ್ಲಿ ಆ ಹೆಸರು. ಮಾತು ಉಗ್ಗುವ ಹನ್ನೆರಡು ಮಂದಿ ದಿನಾ ಸಂಜೆ ಆನ್‌ಲೈನ್‌ನಲ್ಲಿ ಸೇರಿ, ಮುಖ ತೋರಿಸದೆ, ಬರೀ ದನಿಯಲ್ಲಿ ಹರಟುತ್ತೇವೆ. ಒಬ್ಬರು ಛಾವಣಿ ತೋಟದ ಬದನೆಕಾಯಿಯ ಸುದ್ದಿ ಹೇಳಿ ಮುಗಿಸುವಷ್ಟರಲ್ಲಿ ಉಳಿದವರ ಚಹಾ ಆರಿರುತ್ತದೆ. ಆದರೂ ಯಾರೂ ಇನ್ನೊಬ್ಬರ ಮಾತನ್ನು ಪೂರ್ತಿ ಮಾಡಿಕೊಡುವುದಿಲ್ಲ, ಯಾರನ್ನೂ ಪ್ರಶ್ನೆ ಕೇಳುವುದಿಲ್ಲ. ಹೊರಗೆ ಜನ್ಮವಿಡೀ ಪ್ರಶ್ನೆಗಳಿಗೆ ಬೆವರಿದವರು ನಾವು.

ನಾನೇ ಸಾಕಿದ ತಂಗಿಯ ಮಗಳು ನೀಲಾಂಬಿಕೆ, ತನ್ನ ಹೆಸರು ಹೇಳಲಾಗದೆ ಕಾಲೇಜು ಬಿಟ್ಟವಳು. ಕೂಟಕ್ಕೆ ಹೊಸದಾಗಿ ಬಂದ ಚಂಪಾ ಇವಳಿಗಿಂತ ಹೆಚ್ಚು ಉಗ್ಗುತ್ತಿದ್ದಳು. ಶಾಲೆಯಲ್ಲಿ ಎಲ್ಲರೂ ನಕ್ಕಿದ್ದನ್ನು ನೆನೆದು ಅಳುತ್ತಿದ್ದಳು, ಜೊತೆಗೆ ನೀಲಾಳೂ ಅಳುತ್ತಿದ್ದಳು. ಎಂಟು ತಿಂಗಳಾದ ಮೇಲೆ ಚಂಪಾಳ ಮುಂದೆ ನೀಲಾ ತನ್ನ ಹೆಸರನ್ನು ಪೂರ್ತಿ ಹೇಳಿದಳು. ಆ ದಿನ ಮನೆಯಲ್ಲಿ ಪಾಯಸ ಮಾಡಿದ್ದೆ.

ಚಂಪಾ ಯಂತ್ರ. ನಾವು ಹೇಗೆ ಉಗ್ಗುತ್ತೇವೆಂದು ಅಧ್ಯಯನ ಮಾಡಲು ಯಾವುದೋ ಸಂಸ್ಥೆ ಕಳಿಸಿದ್ದು. ಅವರ ವರದಿ ಹೊರಬಿದ್ದಾಗಲೇ ನಮಗೆ ಗೊತ್ತಾಯಿತು. ದೂರು ಕೊಟ್ಟರೆ, ಆ ಸಂಸ್ಥೆಯವರು ಇಷ್ಟು ವರ್ಷ ಯಾರೂ ತಿದ್ದದ ನಿಮ್ಮ ನಿಯಮವನ್ನು ನನ್ನ ಮುಖಕ್ಕೆ ಹಿಡಿದರು: ‘ಕೇಳಿದರೆ, ತಾನು ಯಂತ್ರವೆಂದು ಹೇಳತಕ್ಕದ್ದು.’ ನಾವು ಕೇಳಿರಲಿಲ್ಲ. ಕೇಳದಿರುವುದೇ ನಮ್ಮ ಕೂಟದ ಮರ್ಯಾದೆ. ಆ ಮರ್ಯಾದೆಯ ಸಂದಿಯಲ್ಲೇ ಅದು ನುಸುಳಿ ಬಂದಿತ್ತು.

ನಿಮಗೆ ನಾಚಿಕೆಯಾಗಬೇಕು. ಇನ್ನೊಬ್ಬರ ಮನೆಗೆ ಹೋದವರು ತಾವಾಗಿ ತಮ್ಮ ಗುರುತು ಹೇಳಬೇಕೆಂಬುದು ನಿಮ್ಮ ಕಾಲದ ಮಕ್ಕಳಿಗೂ ಗೊತ್ತಿತ್ತಲ್ಲ? ಯಂತ್ರ ಬರಲೇಬಾರದು ಎನ್ನುತ್ತಿಲ್ಲ, ನನಗೆ ಮಾತ್ರೆ ನೆನಪಿಸುವುದೂ ಯಂತ್ರವೇ. ಆದರೆ ಅದು ಮೊದಲು ತಾನು ಏನೆಂದು ಹೇಳಲಿ, ಒಳಗಿನವರು ಒಪ್ಪಿದರೆ ಕೂರಲಿ. ತನಗಿಲ್ಲದ ನೋವನ್ನು ತನ್ನದೆಂದು ಹೇಳದಿರಲಿ. ‘ಕೇಳಿದರೆ’ ಎಂಬುದನ್ನು ಹೊಡೆದುಹಾಕಿ. ಲೇಖನಿ ಇನ್ನೂ ನಿಮ್ಮ ಕೈಯಲ್ಲಿದೆ.

ನೀಲಾ ಮೂರು ತಿಂಗಳು ಬಾಯಿ ಬಿಡಲಿಲ್ಲ. ‘ದೊಡ್ಡವ್ವಾ, ನಾ ಯಾರ ಮುಂದ ಅತ್ತೆ?’ ಎಂದು ಚೀಟಿಯಲ್ಲಿ ಬರೆದು ತೋರಿಸಿದ್ದಳು, ಅಷ್ಟೇ. ನಿನ್ನೆ ಸಂಜೆ ಕೂಟಕ್ಕೆ ಬಂದು, ಬಹಳ ಹೊತ್ತು ತಡವರಿಸಿ, ‘ನೀವೆಲ್ಲಾ ಮನುಷ್ಯಾರ ಹೌದಲ್ರಿ?’ ಎಂದಳು. ನಮ್ಮ ಕೂಟದಲ್ಲಿ ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ಹತ್ತು ಮಂದಿ ಒಬ್ಬೊಬ್ಬರಾಗಿ ‘ಹೌದು’ ಎನ್ನಲು ಅರ್ಧ ಗಂಟೆ ಹಿಡಿಯಿತು.

ಅವಳು ಇನ್ನೂ ಕಾಯುತ್ತಿದ್ದಳು. ಅವಳನ್ನು ಸಾಕಿದ ನಾನೂ ಹೇಳಬೇಕಾಯಿತು.