ಸೀಮೆಸುಣ್ಣದ ರುಚಿ

ಅಕ್ಕಾ,

ಬೆಳಗಿನ ಜಾವ ಕೆಟ್ಟ ಕನಸು. ನೀನು ಬಚ್ಚಲ ಬಾಗಿಲಲ್ಲಿ ನಿಂತು ಏನೋ ಅಗಿಯುತ್ತಿದ್ದೆ. ಉಗುಳಿದರೆ ನಿನ್ನದೇ ಹಲ್ಲು.

ನನಗೂ ಮೂಳೆ ಸವೆದಿದೆಯಂತೆ, ದಿನಾ ಕ್ಯಾಲ್ಸಿಯಂ ಬೇಕಂತೆ. ಕ್ಯಾಲ್ಸಿಯಂ ಇದೆಯೆಂದು ಮೂಳೆಗಾಗಿ ನಿನಗೆ ಕೊಡುತ್ತಿದ್ದ ಹೊಟ್ಟೆ ಉರಿಯ ಮಾತ್ರೆಯನ್ನೇ ತರೋಣವೆಂದು ಇವತ್ತು ಔಷಧಿ ಅಂಗಡಿಗೆ ಹೋಗಿ, ನಿನ್ನ ಕನ್ನಡಕದ ಡಬ್ಬಿಯಲ್ಲಿ ಉಳಿದಿದ್ದ ಮಾತ್ರೆಯ ಖಾಲಿ ಪಟ್ಟಿ ತೋರಿಸಿದೆ.

ಅಂಗಡಿಯವನು ನಕ್ಕ. "ಇದರಲ್ಲಿ ಕ್ಯಾಲ್ಸಿಯಂ ಎಲ್ಲಿದೆ ಅಮ್ಮಾ? ಅದಿರೋದು ಈ ಬಿಳಿ ಮಾತ್ರೇಲಿ. ಇದು ಬರೀ ಹೊಟ್ಟೆಗೆ. ಮೂಳೆಗೆ ಅಂತ ಯಾವ ಡಾಕ್ಟ್ರು ಹೇಳಿದ್ದು, ಪಕ್ಕದ್ಮನೆಯವ್ರಾ?"

ಆ ಬಿಳಿ ಮಾತ್ರೆಯನ್ನೇ ಮೊದಲು ತಂದಿದ್ದೆ, ನೆನಪಿದೆಯಾ? "ಸೀಮೆಸುಣ್ಣ ತಿಂದ ಹಾಗಿದೆ ಕಣೇ, ನಾನೇನು ಸ್ಕೂಲ್ ಬೋರ್ಡಾ?" ಎಂದು ನೀನು ಮುಖ ಕಿವುಚಿದ್ದೆ. ಪಾಪ ಎನಿಸಿತು. ಹೊಟ್ಟೆ ಉರಿಯ ಮಾತ್ರೆಗಳೆಲ್ಲಾ ಒಂದೇ ಎಂದುಕೊಂಡು ಸಿಹಿಯಾದ ಈ ಗುಲಾಬಿ ಮಾತ್ರೆಗೆ ಬದಲಾಯಿಸಿದವಳು ನಾನೇ. ಮೂರು ವರ್ಷ, ಊಟವಾದ ಮೇಲೆ ಎರಡೆರಡು, ನನ್ನ ಕೈಯಾರೆ.

ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವಳು ನೀನು ಮತ್ತೆ ಏಳಲೇ ಇಲ್ಲ. ಅಷ್ಟು ಮೆಲ್ಲಗೆ ಬಿದ್ದರೂ ಮುರಿಯಿತಲ್ಲ ಎಂದು ಎಲ್ಲರೂ ಅಂದರು. ನಾನೂ ಅಂದೆ.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಇಂಗ್ಲಿಷ್ ಬಾರದು. ಬಂದ ಕಾಗದ, ಕರೆಂಟ್ ಬಿಲ್ಲು, ಎಲ್ಲವನ್ನೂ ನಿನ್ನ ಕೈಲೇ ಓದಿಸುತ್ತಿದ್ದೆ. ಈ ಪಟ್ಟಿಯೊಂದನ್ನು ಓದಿಸಲಿಲ್ಲ.

ಪಟ್ಟಿಯನ್ನು ಮತ್ತೆ ನಿನ್ನ ಕನ್ನಡಕದ ಜೊತೆಗೇ ಇಟ್ಟಿದ್ದೇನೆ. ಅಂಗಡಿಯವನು ಅವಸರದಲ್ಲಿ ಓದಿದ. ಹಿಂದುಗಡೆ ಸಣ್ಣಕ್ಷರದಲ್ಲಿ ಎಲ್ಲಾದರೂ ಕ್ಯಾಲ್ಸಿಯಂ ಅಂತ ಇದೆಯಾ, ಇನ್ನೊಂದು ಸಲ ನೋಡಕ್ಕ.