ತಲೆದಿಂಬಿನ ಕೆಳಗಿನ ನೊಣ

ಮುಂಡರಗಿ
20 ಜನವರಿ 2019

ನನ್ನ ಮುದ್ದು ಮಹೆಕ,

ಸಲಾಂ, ಸಾವಿರ ಸಲಾಂ! ಮದುವೆಯಾದದ್ದೇ ಬೆಟಗೇರಿಯನ್ನೂ ಗೆಳತಿಯನ್ನೂ ಮರೆತಳು ಎಂದು ಬೈದುಕೊಂಡಿರುತ್ತೀ. ಬೈಯಿ, ಆದರೆ ಇದನ್ನು ಓದಿ ಮುಗಿಸಿ ಬೈಯಿ. ಈ ಮನೆಯಲ್ಲಿ ನಾನು ಫೋನ್ ಹಿಡಿದರೆ ಗೋಡೆಗೂ ಕಿವಿ ಮೂಡುತ್ತವೆ. ಅದಕ್ಕೇ ಪತ್ರ. ನಮ್ಮ ಇಂಗ್ಲಿಷ್ ಶಾಲೆಯ ಕನ್ನಡ ಟೀಚರ್ ನೋಡಿದ್ದರೆ ಕುಣಿದಾಡುತ್ತಿದ್ದರು!

ಮೊದಲು ಖುಷಿಯ ಸುದ್ದಿ. ನಮ್ಮವರು, ಮುಸ್ತಾಕ, ದಾಂಡೇಲಿಯಲ್ಲಿ ಪ್ರವಾಸಿಗರ ದೋಣಿ ನಡೆಸುತ್ತಿದ್ದಾಗ ಕಲಿತ ವಿದ್ಯೆಯನ್ನು ನನಗೂ ಕಲಿಸಿದ್ದಾರೆ. ಕಯಾಕ್ ಎಂಬ ಸಪೂರ ದೋಣಿ, ಇಬ್ಬರು ಕುಳಿತರೆ ತುಂಬಿತು. ನಮ್ಮ ಕಡೆ ತುಂಗಭದ್ರೆ ಹರಿಯಲೂ ಸೋಮಾರಿ. ಅವರು ಹುಟ್ಟು ಹಾಕುತ್ತಾರೆ, ನಾನು ಮುಂದೆ ಕುಳಿತು ಗಾಳ ಬೀಸುತ್ತೇನೆ. ಎರೆಹುಳ ಇಲ್ಲ, ಹಿಟ್ಟಿನುಂಡೆ ಇಲ್ಲ. ಕೊಕ್ಕೆಗೆ ಪುಕ್ಕ, ದಾರ ಸುತ್ತಿ ಮಾಡಿದ ಸುಳ್ಳು ನೊಣ! ನೀರ ಮೇಲೆ ಕೂತರೆ ಸಾಕು, ಮೀನು ಖರೆ ನೊಣವೆಂದು ನಂಬಿ ಬಾಯಿ ಹಾಕುತ್ತದೆ. ಮೊದಲ ಜಿಲೇಬಿ ಮೀನು ಸಿಕ್ಕಾಗ ನಾನು ಕಿರುಚಿದ್ದಕ್ಕೆ ದಂಡೆಯ ಎಮ್ಮೆಗಳೆಲ್ಲ ಎದ್ದು ನಿಂತವು. ಇವರು ನಕ್ಕು ನಕ್ಕು ಹುಟ್ಟನ್ನೇ ಕೈಬಿಟ್ಟರು.

ಈಗ ಸಿಟ್ಟಿನ ಸುದ್ದಿ. ಮೊನ್ನೆ ನಾನೇ ಒಂದು ನೊಣ ಕಟ್ಟಿದೆ. ಹುಂಜದ ಪುಕ್ಕ, ಕೆಂಪು ದಾರ, ಬಾಲಕ್ಕೆ ನನ್ನದೇ ತಲೆಗೂದಲು. ಕೊನೆಯ ಗಂಟನ್ನು ಹಲ್ಲಿನಿಂದ ಎಳೆದು ಬಿಗಿಯುವುದು ಅವರೇ ಕಲಿಸಿದ್ದು. ಎಷ್ಟು ಚಂದ ಬಂದಿತ್ತೆಂದರೆ, ಅವರಿಗೆ ಅಚ್ಚರಿಯಾಗಲಿ ಎಂದು ತಲೆದಿಂಬಿನ ಕೆಳಗೆ ಇಟ್ಟೆ. ಹಾಸಿಗೆ ಕೊಡವಲು ಬಂದ ಅತ್ತೆ ಮಾಸುಮಬಿ ಕಂಡು ಕಿಟಾರನೆ ಕಿರುಚಿದರು. ಪಕ್ಕದ ಮನೆಯ ಹಸೀನಾಬಿ ಓಡಿ ಬಂದರು.

“ಕೂದಲಾ, ಕೆಂಪು ದಾರಾ, ಕೋಳಿ ಪುಕ್ಕಾ, ಕಬ್ಬಣದ ಮುಳ್ಳಾ! ಇನ್ನೇನ ಬೇಕ್ರಿ ಮಾಸುಮಬಿ? ಪಕ್ಕಾ ಮಾಟಾ ಐತಿ!”

“ಅತ್ತೀ, ಅದು ನೊಣಾರೀ, ನೊಣಾ!” ಎಂದೆ.

“ನನ್ನ ಮಗನ್ನ ನೊಣಾ ಮಾಡಿ ಡಬ್ಬ್ಯಾಗ ಇಟ್ಕೊಳಾಕ ಹೊಂಟೀಯೇನ?”

“ಮೀನ ಹಿಡಿಯಾಕರೀ!”

“ಹಾಸಿಗ್ಯಾಗ ಯಾವ ಮೀನ ಇರ್ತೈತವಾ?” ಎಂದರು ಹಸೀನಾಬಿ.

ನಗಬೇಡ ಮಹೆಕ! ನನ್ನ ಕಣ್ಣೆದುರೇ ಅದನ್ನು ಒಲೆಗೆ ಹಾಕಿದರು. ಮಗನಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಸಾಸಿವೆ ಸಿಡಿದರೂ ಬೆಚ್ಚುವ ನಾನು ಮಾಟಗಾತಿಯಂತೆ! ಕಯಾಕ್ ಈಗ ದನದ ಕೊಟ್ಟಿಗೆಯಲ್ಲಿ ಬೋರಲು ಬಿದ್ದಿದೆ. “ಹೊಳಿ ಕಡೆ ಹೆಜ್ಜಿ ಇಟ್ಟೀ ಅಂದ್ರ ನೋಡು” ಎಂದಿದ್ದಾರೆ ಅತ್ತೆ. ನನಗೆ ಮಾತ್ರ. ಅದೇ ಗಾಳ ಮಗನ ಕೈಯಲ್ಲಿದ್ದರೆ ಶೋಕಿ, ಸೊಸೆಯ ಕೈಯಲ್ಲಿದ್ದರೆ ಮಾಟ! ಯಾವ ಊರಿನ ನ್ಯಾಯ ಇದು?

ನಮ್ಮ ಅಮ್ಮಿಗೆ ಮಾತ್ರ ಏನೂ ಹೇಳಬೇಡ, ಸಲಾಂ ಹೇಳು ಸಾಕು. ನಿನ್ನ ನಿಕಾಹ್ ಜಲ್ದಿ ಕೂಡಿಬರಲಿ. ಅಲ್ಲಾಹ್ ನಿನಗೆ ಬಾಯಿ ಇರುವ ಗಂಡನನ್ನು ಕೊಡಲಿ.

ನಿನ್ನ ಮಾಟಗಾತಿ,
ಫರ್ಹಾನಾ

ತಾ.ಕ.: ಅಷ್ಟೆಲ್ಲ ನಡೆಯುವಾಗ ನಮ್ಮವರೆಲ್ಲಿದ್ದರು ಎಂದು ಕೇಳುತ್ತೀ. ಬಾಗಿಲಲ್ಲೇ ಇದ್ದರು. “ಅದನ್ನ ಕಲಿಸಿದಾಂವ ನಾನ” ಎಂಬ ಒಂದು ಮಾತು ಸಾಕಿತ್ತು. ಅತ್ತೆ ದರ್ಗಾದಿಂದ ತಾಯತ ತಂದು “ಕೈ ಕೊಡೋ ಮುಸ್ತಾಕ” ಎಂದಾಗ ಸುಮ್ಮನೆ ತೋಳು ಚಾಚಿದರು. ಆಮೇಲೆ ನನಗೆ, “ಅಮ್ಮಾನ ಸಮಾಧಾನಕ್ಕ, ಬಿಡ” ಎಂದರು. ನಾನೂ ನಂಬಿದೆ. ಇವತ್ತು ಅತ್ತೆ ಮನೆಯಲ್ಲಿರಲಿಲ್ಲ. ಸ್ನಾನಕ್ಕೆಂದು ಇವರು ಅಂಗಿ ಬಿಚ್ಚಿದರು. ತೋಳಿನ ತಾಯತ ಸಡಿಲಾಗಿ ಜೋಲುತ್ತಿತ್ತು. ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಳೆದು, ಬಿಗಿ ಮಾಡಿಕೊಂಡರು.